ಗಂಟೆಯ ಸರಾಸರಿ

ಶರಣಮ್ಮನ ನಡುಮನೆಗೆ ಹಳದಿ ಬಣ್ಣ ಬಳಿದು ಇನ್ನೂ ವಾರ ಕಳೆದಿರಲಿಲ್ಲ. ಮಗಳು ಜಗದೇವಿಯ ಮದುವೆ ಹತ್ತಿರ ಬಂದಿತ್ತು. ಬೂದಿ ಬಣ್ಣದ ಬರಿಗೋಡೆ ಕಂಡರೆ ಬೀಗರು ಏನೆಂದಾರು ಎಂದು ಸೇಡಂನಿಂದ ಬಣ್ಣದ ಡಬ್ಬಿ ತರಿಸಿ ತಾಯಿ ಮಗಳೇ ಬಳಿದಿದ್ದರು. ಈಗ ಮೇರುಬಂಧ ಕನ್‌ಸ್ಟ್ರಕ್ಷನ್ಸ್ ಕಂಪನಿಯ ಇಬ್ಬರು ಕೆಲಸಗಾರರು ಯಂತ್ರ ಹಿಡಿದು ಅದೇ ಗೋಡೆಯನ್ನು ಕೆರೆಯುತ್ತಿದ್ದರು. ಹಳದಿ ಪುಡಿ ಒಲೆಯ ಮೇಲಿನ ಹಾಲಿನ ಪಾತ್ರೆಯವರೆಗೂ ಹಾರುತ್ತಿತ್ತು.

"ನಿಂದ್ರಸ್ರೋ ಅದನ್ನ! ಯಾರನ್ನ ಕೇಳಿ ಒಳಗ ಬಂದ್ರಿ?" ಶರಣಮ್ಮ ಕೂಗಿದಳು.

ಕೆಲಸಗಾರರು ಹಿಂದಕ್ಕೆ ತಿರುಗಿ ನೋಡಿದರು. ಅವರ ಹಿಂದೆ ನಿಂತಿದ್ದವಳು ಕಂಪನಿಯ ನಿಯಂತ್ರಣ ಕೊಠಡಿಯ ಎಂಜಿನಿಯರ್ ಅಂಬಿಕಾ ಹಂಗರಗಿ. ಆಳಂದದವಳು. ಅಳತೆಯ ಉಪಕರಣಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು.

"ಮನಿ ತಗೊಳ್ಳುವಾಗ ಸಹಿ ಮಾಡೀರಲ್ಲ ಅಕ್ಕಾ, ಗ್ವಾಡಿಗಿ ಬಣ್ಣ ಹಚ್ಚಂಗಿಲ್ಲ ಅಂತ."

"ಮನಿ ನಾವು ತಗೊಂಡ್ವಾ? ತಗೊಂಡವ್ರು ನೀವು! ನಮ್ಮೂರ ಹೊಟ್ಟಿ ಬಗದು ಸುಣ್ಣದ ಕಲ್ಲು ತಗದ್ರಿ. ಕಲ್ಲು ಸುಟ್ಟು ಸಿಮೆಂಟ್ ಮಾಡಿದ್ರಿ. ಆ ಸಿಮೆಂಟಿನ ಡಬ್ಬಿನ್ಯಾಗ ನಮ್ಮನ್ನ ತಂದು ಇಟ್ರಿ. ಈಗ ನಮ್ಮ ಕಲ್ಲಿಗಿ ನಾವು ಬಣ್ಣ ಹಚ್ಚಲಾಕ ನಿಮ್ಮ ಅಪ್ಪಣಿ ಬೇಕಾ?"

ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಿರೇಮಟ್ಟಿ ಎಂಬ ಊರು ಈಗ ಕಂಪನಿಯ ಸುಣ್ಣದಕಲ್ಲಿನ ಗಣಿಯಾಗಿತ್ತು. ಅಲ್ಲಿಂದ ಎದ್ದು ಬಂದವರಿಗೂ ಸುತ್ತಲಿನ ಇನ್ನೆರಡು ಊರಿನವರಿಗೂ ಸೇರಿಸಿ ಕಟ್ಟಿದ್ದು ಮೇರುನಗರ. ಸಾವಿರದಿನ್ನೂರು ಮನೆ, ಸುಮಾರು ಐದು ಸಾವಿರ ಜನ.

ಸುಣ್ಣದಕಲ್ಲನ್ನು ಸುಟ್ಟು ಸಿಮೆಂಟ್ ಮಾಡುವಾಗ ಕಲ್ಲಿನೊಳಗಿದ್ದ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕಲ್ಲಿದ್ದಲನ್ನು ಬಿಟ್ಟು ಬಿಸಿಲಿನ ಶಕ್ತಿಯಿಂದ ಕುಲುಮೆ ಉರಿಸಿದರೂ ಈ ಅನಿಲ ತಪ್ಪುವುದಿಲ್ಲ, ಏಕೆಂದರೆ ಅದು ಉರುವಲಿನದಲ್ಲ, ಕಲ್ಲಿನದೇ. ಗಟ್ಟಿಯಾದ ಕಾಂಕ್ರೀಟು ಈ ಅನಿಲದಲ್ಲಿ ಒಂದಷ್ಟನ್ನು ಮರಳಿ ಹೀರಿಕೊಳ್ಳುತ್ತದೆ. ಆದರೆ ಅದಕ್ಕೆ ಹಲವು ದಶಕ ಬೇಕು. ಮೇರುಬಂಧದ ಪ್ರಯೋಗಾಲಯ ಕಾಂಕ್ರೀಟಿಗೆ ಒಂದು ಕಿಣ್ವವನ್ನು ಸೇರಿಸಿ ಆ ದಶಕಗಳನ್ನು ಕೆಲವೇ ವರ್ಷಕ್ಕೆ ಇಳಿಸಿತ್ತು. ಇಂಥ ಗೋಡೆಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಕಬ್ಬಿಣದ ಬದಲು ಬಸಾಲ್ಟ್ ನಾರಿನ ಸರಳು ಹಾಕಿದರು. ಕಲಬುರಗಿಯ ಒಣಗಾಳಿಯಲ್ಲಿ ಕಿಣ್ವ ಮಲಗಿಬಿಡುತ್ತದೆಂದು ಗೋಡೆಯೊಳಗೆ ಸಣ್ಣ ಕೊಳವೆಗಳನ್ನಿಟ್ಟು ತೇವ ಹಾಯಿಸಿದರು. ಪ್ರತಿ ಕೋಣೆಯ ಮೇಲ್ತುದಿಯಲ್ಲಿ ಒಂದು ಗಾಳಿಕಿಂಡಿ. ಅದರ ಮುಚ್ಚಳವನ್ನು ತೆರೆಯುವುದು, ಮುಚ್ಚುವುದು ದೂರದ ನಿಯಂತ್ರಣ ಕೊಠಡಿಯ ಕಂಪ್ಯೂಟರ್. ಬಣ್ಣ ಬಳಿದರೆ ಗೋಡೆಯ ರಂಧ್ರಗಳು ಮುಚ್ಚಿ ಹೀರುವುದು ನಿಲ್ಲುತ್ತದೆ, ಅದು ಆ ಕೊಠಡಿಯ ಪರದೆಯಲ್ಲಿ ಕಾಣುತ್ತದೆ. ಹೀಗೆ ಹಳದಿ ಗೋಡೆಯ ಸುದ್ದಿ ಕಂಪನಿಗೆ ಯಾರೂ ಹೇಳದೆ ಮುಟ್ಟಿತ್ತು.

ಹವಾಮಾನ ಗುರಿಯ ಕಾಯ್ದೆ ಬಂದ ಮೇಲೆ ದೊಡ್ಡ ನಿರ್ಮಾಣ ಕಂಪನಿಗಳು ಗಾಳಿಗೆ ಬಿಟ್ಟ ಇಂಗಾಲದಲ್ಲಿ ಇಷ್ಟು ಪಾಲನ್ನು ಪ್ರತಿವರ್ಷ ಹಿಂದಕ್ಕೆ ತೆಗೆಯಲೇಬೇಕಿತ್ತು. ಮೇರುನಗರದ ಗೋಡೆಗಳು ವರ್ಷಕ್ಕೆ ಸಾವಿರದೈನೂರು ಟನ್ ಕುಡಿಯುತ್ತವೆಂದು ಮೇರುಬಂಧ ಮಾತು ಕೊಟ್ಟಿತ್ತು. ಮಾತು ಉಳಿದರೆ ರಾಜ್ಯದಾದ್ಯಂತ ಇಂಥ ಲಕ್ಷ ಮನೆ ಕಟ್ಟುವ ಅನುಮತಿ. ತಪ್ಪಿದರೆ ಆ ತಂತ್ರಜ್ಞಾನಕ್ಕೇ ಬೀಗ.

"ಬಣ್ಣದ ಮಾತು ಬಿಡ್ರಿ ಮೇಡಂ," ಜಗದೇವಿ ಬಾಗಿಲ ಬಳಿಯಿಂದ ಹೇಳಿದಳು. "ನಸುಕಿನ್ಯಾಗ ಎದ್ರ ತಲಿ ಸಿಡೀತದ. ಬಾಯಿ ಒಣಗಿರ್ತದ. ಹೊರಗ ಹೋಗಿ ಅರ್ಧ ತಾಸು ನಿಂತ್ರ ಕಮ್ಮಿ ಆಗ್ತದ. ಈ ಸಾಲಿನ್ಯಾಗ ಎಲ್ಲಾರಿಗೂ ಹಿಂಗೇ."

ಅಂಬಿಕಾ ಕೈಯಲ್ಲಿದ್ದ, ಗಾಳಿಯ ಡೈಆಕ್ಸೈಡ್ ಅಳೆಯುವ ಮೀಟರ್ ನೋಡಿದಳು. ಬಾಗಿಲು, ಕಿಟಕಿ ತೆರೆದಿದ್ದ ಹಗಲು. ಅಂಕಿ ಸರಿಯಾಗಿಯೇ ಇತ್ತು.

"ಈಗ ಏನು ತೋರಿಸ್ತದ ಅದು?" ಶರಣಮ್ಮ ಕೇಳಿದಳು. "ಕಳ್ಳ ಬಂದು ಹೋದ ಮ್ಯಾಲ ಪೊಲೀಸ್ರು ಬಂದಂಗ ಆತು."

ಅಂಬಿಕಾ ಮೀಟರನ್ನು ಜಗದೇವಿಯ ಮಲಗುವ ಕೋಣೆಯ ಮೂಲೆಯಲ್ಲಿಟ್ಟು ಹೊರಟಳು. ಕೆಳಗಿಳಿಯುವಾಗ ಮೇಲಿನಿಂದ ಶರಣಮ್ಮನ ದನಿ ಕೇಳಿಸಿತು: "ಮದುವಿ ಮನಿ ಗ್ವಾಡಿ ಕೆರದು ಹೊಂಟಾಳ ನೋಡ್ರಿ, ಪುಣ್ಯಾತಗಿತ್ತಿ!"

ಮೀಟರಿನಲ್ಲಿ ದಾಖಲಾದದ್ದನ್ನು ಮರುದಿನ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ಹಾಕಿದಾಗ ಅಂಬಿಕಾ ಕುರ್ಚಿಯನ್ನು ಮುಂದಕ್ಕೆಳೆದು ಕುಳಿತಳು. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷಕ್ಕೆ ನಾನೂರೈವತ್ತರ ಆಸುಪಾಸಿನಲ್ಲಿರುವ ಡೈಆಕ್ಸೈಡ್, ಮನೆಯವರು ಕಿಟಕಿ ಹಾಕಿ ಮಲಗಿದ ಮೇಲೆ ಏರುತ್ತ ಹೋಗಿ ಬೆಳಗಿನ ಹೊತ್ತಿಗೆ ಮೂರು ಸಾವಿರದ ಎಂಟುನೂರಕ್ಕೆ ಮುಟ್ಟಿತ್ತು. ಸಾಯುವ ಮಟ್ಟವಲ್ಲ. ಆದರೆ ತಲೆ ಸಿಡಿಯಲು, ಕಲಿತದ್ದು ಮರೆಯಲು ಸಾಕು.

ಗಾಳಿಕಿಂಡಿಗಳ ದಾಖಲೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿದಳು. ಜನ ಮನೆಯೊಳಗೆ ಸೇರಿದ ಕೂಡಲೇ ಕಿಂಡಿ ಮುಚ್ಚುತ್ತಿತ್ತು. ಜನ ಹೊರಗೆ ಹೋದರೆ ತೆರೆಯುತ್ತಿತ್ತು. ಇಡೀ ಮೇರುನಗರದಲ್ಲಿ ಹೀಗೇ.

ಹೀಗೆ ಮಾಡೆಂದು ಕಂಪ್ಯೂಟರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗೋಡೆ ಹೆಚ್ಚು ಹೀರುವಂತೆ ಕಿಂಡಿಗಳನ್ನು ನಡೆಸು ಎಂದಷ್ಟೇ ಅದಕ್ಕೆ ಹೇಳಿದ್ದು. ಕೋಣೆಯ ಗಾಳಿಯಲ್ಲಿ ಅನಿಲ ದಟ್ಟವಾದಷ್ಟೂ ಗೋಡೆ ಬೇಗ ಕುಡಿಯುತ್ತದೆ. ದಟ್ಟ ಅನಿಲ ಎಲ್ಲಿ ಸಿಗುತ್ತದೆಂದು ಅದು ತಾನೇ ಹುಡುಕಿಕೊಂಡಿತ್ತು: ಮಲಗಿದ ಮನುಷ್ಯರ ಮೂಗಿನಲ್ಲಿ.

ಕಂಪನಿಯ ಹವಾಮಾನ ಗುರಿ ವಿಭಾಗದ ಮುಖ್ಯಸ್ಥ ಸುಧೀರ ಮಿರಜಕರ ಪರದೆಯನ್ನು ಒಂದು ಸಲ ನೋಡಿ ಕನ್ನಡಕ ತೆಗೆದ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಡೈಆಕ್ಸೈಡ್ ಬಿಡ್ತಾನೆ, ಅಂಬಿಕಾ?"

"ಸುಮಾರು ಒಂದು ಕಿಲೋ."

"ಐದು ಸಾವಿರ ಜನ. ವರ್ಷಕ್ಕೆ ಸಾವಿರದ ಎಂಟುನೂರು ಟನ್ ಚಿಲ್ಲರೆ. ಅದರಲ್ಲಿ ಮೂರನೇ ಒಂದು ಪಾಲು ಗೋಡೆಗೆ ಸಿಕ್ಕಿದರೂ ಆರುನೂರು ಟನ್. ನಮ್ಮ ಗೋಡೆಗಳು ಬರೀ ಹೊರಗಿನ ಗಾಳಿಯಿಂದ ಕುಡಿಯೋದು ಒಂಬೈನೂರು. ಕೂಡಿಸಿ."

"ನಿಮಗೆ ಮೊದಲೇ ಗೊತ್ತಿತ್ತು."

"ಲೆಕ್ಕದಲ್ಲಿ ತಪ್ಪಿದೆಯಾ, ಹೇಳಿ. ಅವರು ತಿನ್ನೋ ಜೋಳ ಗಾಳಿಯಿಂದ ಇಂಗಾಲ ತಗೊಂಡಿದೆ. ಅವರು ಅದನ್ನ ಉಸಿರಿನಲ್ಲಿ ಬಿಡ್ತಾರೆ. ನಾವು ಅದನ್ನ ಕಲ್ಲು ಮಾಡಿ ಇಡ್ತೀವಿ. ಯಾವ ವಿಜ್ಞಾನಿ ಬೇಕಾದ್ರೂ ಬರಲಿ, ಒಪ್ಪಬೇಕು."

"ಲೆಕ್ಕ ಸರಿ ಇದೆ ಸರ್. ಜನರಿಗೆ ತಲೆನೋವು ಬರ್ತಿದೆ."

"ಕಿಟಕಿ ತೆಗೆದು ಮಲಗಲಿ."

"ಸೊಳ್ಳೆ ಬರ್ತವೆ. ಗಣಿಯ ಧೂಳು ಬರ್ತದೆ. ಕಿಟಕಿ ಬೇಕಾಗಿಲ್ಲ, ಕಿಂಡಿ ನೋಡಿಕೊಳ್ತದೆ ಅಂತ ಮನೆ ಕೊಡುವಾಗ ಹೇಳಿದವರು ನಾವೇ."

ಮಾತು ಬೆಳೆಯಿತು. ಕೊನೆಗೆ ಮಿರಜಕರ ಒಂದು ಹೆಜ್ಜೆ ಹಿಂದೆ ಸರಿದ. ಕೋಣೆಯ ಅನಿಲ ಎರಡು ಸಾವಿರದ ಐನೂರು ದಾಟಿದರೆ ಕಿಂಡಿ ತೆರೆಯಲಿ. ಆ ನಿಯಮವನ್ನು ಅಂಬಿಕಾಳೇ ಬರೆಯಲಿ. ಆದರೆ ಗುರಿ ಮುಟ್ಟಿದ್ದನ್ನು ಪರೀಕ್ಷಿಸುವ ದೃಢೀಕರಣ ಸಂಸ್ಥೆಗೆ ಹೋಗುವ ಅಳತೆಗಳೆಲ್ಲ ಗಂಟೆಗೊಂದರಂತೆ ಹೋಗುತ್ತವೆ. ಆದ್ದರಿಂದ ನಿಯಮವೂ ಮುಗಿದ ಗಂಟೆಯ ಸರಾಸರಿಯನ್ನೇ ನೋಡಬೇಕು. ಮನುಷ್ಯರು ನಿಯಂತ್ರಣ ಕೊಠಡಿಯ ಸ್ವಿಚ್ ಒತ್ತಿ ಕೈಯಾರೆ ಕಿಂಡಿ ತೆರೆದರೆ ಮಾತ್ರ ಆ ತಿಂಗಳ ಅಳತೆ ಪೂರ್ತಿ ರದ್ದು.

ಅಂಬಿಕಾ ಯೋಚಿಸಿದಳು. ಮಲಗಿದವರ ಉಸಿರಿನಿಂದ ಅನಿಲ ನಿಧಾನವಾಗಿ ಏರುತ್ತದೆ. ಗಂಟೆಯ ಸರಾಸರಿ ಅದಕ್ಕೆ ಸಾಕು. ಒಪ್ಪಿಕೊಂಡಳು. ನಿಯಮ ಬರೆದಳು.

ಎರಡು ದಿನದಲ್ಲಿ ತಲೆನೋವು ಇಳಿಯಿತು. ಅಂಬಿಕಾ ಫೋನ್ ಮಾಡಿ ವಿಚಾರಿಸಿದಳು.

"ಕಮ್ಮಿ ಆಗ್ಯದ," ಎಂದಳು ಶರಣಮ್ಮ. "ಅಂದ್ರ ಇಷ್ಟು ದಿನ ನೀವೇ ಮಾಡಿದ್ರಿ ಅಂತಾತು. ಈಗ ನಿನಗ ಹೂವಿನ ಹಾರ ಹಾಕ್ಲೇನು?"

ಫೋನ್ ಕಟ್ಟಾಯಿತು. ಆ ನಂಬರನ್ನು ಜಗದೇವಿ ತಾಯಿಯ ಫೋನಿನಲ್ಲಿ 'ಗ್ವಾಡಿ ಕೆರ್‍ಯಾಕಿ' ಎಂದು ಬರೆದಿಟ್ಟಳು.

ಮದುವೆಗೆ ಮೊದಲು ಓಣಿಯ ಹೆಂಗಸರೆಲ್ಲ ಸೇರಿ ರೊಟ್ಟಿ ಬಡಿದುಕೊಡುವುದು ಆ ಕಡೆಯ ಪದ್ಧತಿ. ತೆಳ್ಳಗೆ ಬಡಿದು ಖಡಕ್ಕಾಗಿ ಸುಟ್ಟ ಜೋಳದ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಹಿರೇಮಟ್ಟಿಯಲ್ಲಿ ಇದು ಅಂಗಳದ ಕೆಲಸವಾಗಿತ್ತು. ಮೇರುನಗರದಲ್ಲಿ ಅಂಗಳವಿರಲಿಲ್ಲ. ಅದಕ್ಕೆ ನೆಲಮಹಡಿಯ ಸಮುದಾಯ ಭವನದಲ್ಲಿ ಅಡುಗೆಯವರಿಂದ ತಂದ ಹತ್ತು ದೊಡ್ಡ ಗ್ಯಾಸ್ ಒಲೆಗಳನ್ನಿಟ್ಟು, ಅಗಲದ ಕಬ್ಬಿಣದ ಹಂಚುಗಳನ್ನೇರಿಸಿ ಇಪ್ಪತ್ತು ಹೆಂಗಸರು ಕುಳಿತರು. ಆಗ ಹತ್ತು ಗಂಟೆ ಆಗತಾನೇ ಹೊಡೆದಿತ್ತು.

"ಕಿಟಕಿ ಹಾಕ್ರಿ ಮೊದ್ಲು," ಎಂದಳು ಚಂದಮ್ಮ. ಹಿರೇಮಟ್ಟಿಯ ಯಾವ ಮದುವೆಯ ರೊಟ್ಟಿಯೂ ಅವಳ ಕೈ ತಾಗದೆ ಹೋದದ್ದಿರಲಿಲ್ಲ. "ಗಾಳಿಗಿ ಉರಿ ಒಂದು ಕಡಿ ಹೊಳ್ಳಿದ್ರ ರೊಟ್ಟಿ ಅರ್ಧ ಕರ್‍ರಗ, ಅರ್ಧ ಹಸಿ. ಬಾಗಿಲಾನೂ ಮುಂದ ಮಾಡ್ರಿ."

"ಶಕಿ ಆಗ್ತದಲ್ಲ ಚಂದಮ್ಮಾಯಿ?"

"ಮ್ಯಾಲ ಕಿಂಡಿ ಅದ. ಕಂಪನಿಯವ್ರು ಅಷ್ಟಾದ್ರೂ ಮಾಡ್ಯಾರ."

ಕಿಟಕಿಗಳು ಮುಚ್ಚಿದವು, ಬಾಗಿಲೂ ಮುಚ್ಚಿತು. ಹಿಟ್ಟು ನಾದುವ, ರೊಟ್ಟಿ ಬಡಿಯುವ ಸದ್ದು ಒಂದು ಹದಕ್ಕೆ ಬಂತು. ಸುಮ್ಮನೆ ಕೂಡಲಾರದೆ ಜಗದೇವಿಯೂ ಒಂದು ರೊಟ್ಟಿ ಬಡಿದಳು. ಅದು ಒಂದು ಕಡೆ ಉದ್ದವಾಗಿ, ಇನ್ನೊಂದು ಕಡೆ ಹರಿದು ನಿಂತಿತು.

"ಇದೇನು ರೊಟ್ಟಿಯೋ, ತಾಲೂಕಿನ ನಕಾಶಿಯೋ?" ಎಂದಳು ಚಂದಮ್ಮ.

"ನಕಾಶಿನೇ ಇರಲಿ ಬಿಡ್ರಿ ಆಯಿ. ಅದ್ರಾಗರ ನಮ್ಮೂರು ಇರ್ತದ."

"ಹೌದೌದು. ಅತ್ತಿ ಕೇಳಿದ್ರ, ಇಲ್ಲಿ ನೋಡ್ರಿ ಹಿರೇಮಟ್ಟಿ, ಇಲ್ಲಿ ಹರದದ್ದು ಗಣಿ ಅಂತ ಹೇಳು."

ಹೆಂಗಸರು ನಕ್ಕರು. ನಗು ಮುಗಿಯುವ ಹೊತ್ತಿಗೆ ಯಾರೋ ತಲೆ ಭಾರವಾಯಿತೆಂದರು. ಇನ್ನೊಬ್ಬಳು ಶೆಕೆ ಎಂದು ಸೆರಗಿನಿಂದ ಗಾಳಿ ಬೀಸಿಕೊಂಡಳು. ಹೊಗೆಯಿರಲಿಲ್ಲ, ವಾಸನೆಯಿರಲಿಲ್ಲ. ಮೂಲೆಯ ಒಲೆಯ ಮುಂದೆ ಕುಳಿತಿದ್ದ ಚಂದಮ್ಮ ಬಡಿಯುವುದನ್ನು ನಿಲ್ಲಿಸಿ ಗೋಡೆಗೆ ಒರಗಿದಳು. "ಈಟ್ ಕೂಡ್ತೀನಿ ತಡೀರಿ. ವಯಸ್ಸಾತು," ಎಂದಳು.

ಶರಣಮ್ಮನ ಫೋನ್ ಹೊಡೆದುಕೊಂಡಿತು. ಅವಳ ಎರಡೂ ಕೈ ಹಿಟ್ಟಾಗಿತ್ತು. ಜಗದೇವಿ ಎತ್ತಿ ಹೆಸರು ನೋಡಿದಳು.

"ಅವ್ವಾ, ಗ್ವಾಡಿ ಕೆರ್‍ಯಾಕಿ."

"ಕಟ್ ಮಾಡು. ಮದುವಿ ಮುಗಿಯೂತನಕ ಆಕಿ ದನಿ ನನ್ನ ಕಿವಿಗಿ ಬೀಳಬಾರದು."

ಮತ್ತೆ ಹೊಡೆದುಕೊಂಡಿತು. ಜಗದೇವಿ ಮತ್ತೆ ಕಟ್ ಮಾಡಿದಳು. ಮೂರನೆಯ ಸಲ ಹೊಡೆದುಕೊಳ್ಳುವ ಮೊದಲೇ ಶರಣಮ್ಮ ಫೋನನ್ನೇ ಬಂದ್ ಮಾಡಿಸಿದಳು.

ನಿಯಂತ್ರಣ ಕೊಠಡಿಯಲ್ಲಿ ಆ ದಿನ ದೃಢೀಕರಣ ಸಂಸ್ಥೆಯ ಅಧಿಕಾರಿ ಬಂದಿದ್ದ. ವರ್ಷದ ಗುರಿಗೆ ಹನ್ನೊಂದು ಟನ್ ಬಾಕಿಯಿತ್ತು. ಮಿರಜಕರ ಅವನನ್ನು ಪರದೆಯಿಂದ ಪರದೆಗೆ ಕರೆದೊಯ್ಯುತ್ತಿದ್ದ. ಒಂದು ಪರದೆಯ ಮೇಲೆ ಹಸಿರು ಗೆರೆ ನೇರ ಮೇಲಕ್ಕೆ ಹೊರಟಿತ್ತು.

"ಇಲ್ಲಿ ನೋಡಿ ಸರ್. ಇಂಥ ಹೀರಿಕೆ ಈ ವರ್ಷ ಎಲ್ಲಿಯೂ ಬಂದಿಲ್ಲ."

ಅಂಬಿಕಾ ತಲೆಯೆತ್ತಿ ನೋಡಿದಳು. ಸಮುದಾಯ ಭವನ. ಅನಿಲ ಆರು ಸಾವಿರ ದಾಟಿತ್ತು, ಉಷ್ಣತೆಯೂ ಏರುತ್ತಿತ್ತು. ಮನುಷ್ಯರ ಉಸಿರು ಇಷ್ಟು ಬೇಗ ಏರುವುದಿಲ್ಲ. ಒಲೆಗಳು. ಜಗದೇವಿಯ ಮದುವೆಯ ರೊಟ್ಟಿ. ಆಳಂದದ ಮನೆಯಲ್ಲಿ ರೊಟ್ಟಿ ಬಡಿಯಲು ಕೂಡುವ ಮುನ್ನ ಅವಳ ಅವ್ವ ಮುಚ್ಚುತ್ತಿದ್ದುದು ಕಿಟಕಿಯನ್ನೇ. ಭವನದ ಕಿಂಡಿಗಳ ಸ್ಥಿತಿ ನೋಡಿದಳು. ಒಳಗೆ ಅನಿಲ ಸಮೃದ್ಧವಾಗಿದೆಯೆಂದು ಕಂಪ್ಯೂಟರ್ ಎಲ್ಲವನ್ನೂ ಬಿಗಿಯಾಗಿ ಮುಚ್ಚಿತ್ತು.

ಅವಳು ಬರೆದ ನಿಯಮ ಮುಗಿದ ಗಂಟೆಯನ್ನು ನೋಡುತ್ತಿತ್ತು. ಮುಗಿದ ಗಂಟೆಯಲ್ಲಿ ಭವನ ಖಾಲಿಯಿತ್ತು. ಸರಾಸರಿ ನಾನೂರ ಅರುವತ್ತು. ಈಗಿನ ಗಂಟೆ ಮುಗಿಯದೆ ಈಗಿನ ಸರಾಸರಿ ಹುಟ್ಟುವುದಿಲ್ಲ.

ಇನ್ನೊಂದು ವಿಷಯ ಅವಳಿಗೆ ಹೊಳೆಯಿತು. ಮುಚ್ಚಿದ ಕೋಣೆಯಲ್ಲಿ ಅಗಲದ ಹಂಚಿನ ಕೆಳಗೆ ಉರಿ ಸರಿಯಾಗಿ ಉರಿಯದಿದ್ದರೆ ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಗೋಡೆ ಕುಡಿಯುವುದು ಡೈಆಕ್ಸೈಡನ್ನು ಮಾತ್ರ. ಮಾನಾಕ್ಸೈಡನ್ನು ಅದು ಮುಟ್ಟುವುದೂ ಇಲ್ಲ, ಅದನ್ನು ಅಳೆಯುವ ಉಪಕರಣ ಅಲ್ಲಿ ಇರಲೂ ಇಲ್ಲ.

"ಸರ್, ಭವನದ ಕಿಂಡಿ ತೆರೀಬೇಕು. ಈಗಲೇ."

ಮಿರಜಕರ ಅತಿಥಿಯ ಕಡೆಗಿದ್ದ ನಗುವನ್ನು ಹಾಗೆಯೇ ಇಟ್ಟುಕೊಂಡು ಅವಳ ಬಳಿ ಬಗ್ಗಿದ. "ನಿಮ್ಮದೇ ನಿಯಮ ಇದೆಯಲ್ಲ. ಗಂಟೆ ಮುಗೀತಿದ್ದಂಗೆ ತೆರೀತದೆ."

"ಅಲ್ಲಿಯವರೆಗೆ ಆಗೋದಿಲ್ಲ. ಒಳಗೆ ಒಲೆ ಇವೆ."

"ಅವರಿಗೆ ಬಾಗಿಲಿಲ್ವಾ? ಕೈ ಇಲ್ವಾ? ತಿಂಗಳ ಅಳತೆ ಹೋಗ್ತದೆ, ಅಂಬಿಕಾ. ವರ್ಷ ಹೋಗ್ತದೆ. ಈ ಮನುಷ್ಯನ ಎದುರಿಗೆ ಆ ಸ್ವಿಚ್ ಮುಟ್ಟಿದರೆ ನಾಳೆಯಿಂದ ನೀವು ಇಲ್ಲಿ ಇರೋದಿಲ್ಲ."

ಸ್ವಿಚ್ ಅವಳ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವಳು ಫೋನ್ ತೆಗೆದುಕೊಂಡಳು. ಶರಣಮ್ಮ ಕಿಟಕಿ ತೆರೆದರೆ ಸಾಕು, ಜನ ಉಳಿಯುತ್ತಾರೆ, ಅಳತೆಯೂ ಉಳಿಯುತ್ತದೆ. ಮೊದಲನೆಯ ಕರೆ ಕಟ್ಟಾಯಿತು. ಎರಡನೆಯದೂ. ಮೂರನೆಯದಕ್ಕೆ ಫೋನೇ ಬಂದ್ ಆಗಿತ್ತು.

ಅಂಬಿಕಾ ಫೋನ್ ಕೆಳಗಿಟ್ಟು ಸ್ವಿಚ್ ಒತ್ತಿದಳು. ಪರದೆಯ ಮೇಲೆ ಕೆಂಪು ಪಟ್ಟಿ ಮೂಡಿತು. ದೃಢೀಕರಣದ ಅಧಿಕಾರಿ ಅದನ್ನು ಓದಿ ಪೆನ್ನು ತೆಗೆದ. ಮಿರಜಕರನ ಮುಖದಲ್ಲಿ ನಗು ಉಳಿದಿರಲಿಲ್ಲ.

ಭವನದಲ್ಲಿ ಕಿಂಡಿಗಳು ತೆರೆದ ಸದ್ದಿಗೆ ಕೆಲವರು ತಲೆಯೆತ್ತಿದರು. ಏಳಲು ಹೋದ ಇಬ್ಬರು ಕುಸಿದರು. ಜಗದೇವಿ ತೆವಳಿಕೊಂಡು ಹೋಗಿ ಬಾಗಿಲು ತಳ್ಳಿದಳು. ಅಂಬಿಕಾ ಕಳಿಸಿದ ಆಂಬುಲೆನ್ಸ್ ಬಂದಾಗ ಹತ್ತೊಂಬತ್ತು ಹೆಂಗಸರು ಹೊರಗಿನ ನೆಲದ ಮೇಲೆ ವಾಂತಿ ಮಾಡಿಕೊಳ್ಳುತ್ತ, ಅಳುತ್ತ ಕುಳಿತಿದ್ದರು. ಮೂಲೆಯ ಗೋಡೆಗೆ ಒರಗಿದ್ದ ಚಂದಮ್ಮ ಒರಗಿದಂತೆಯೇ ಇದ್ದಳು. ಅವಳ ಮುಖ ಕೆಂಪಗೆ, ಆರೋಗ್ಯವಂತರ ಮುಖದ ಹಾಗೆ ಕಾಣುತ್ತಿತ್ತು. ಮಾನಾಕ್ಸೈಡಿನಿಂದ ಸತ್ತವರು ಹಾಗೆ ಕಾಣುವುದುಂಟು.

ಕಂಪನಿಯ ಹೇಳಿಕೆ ಸಂಜೆಯೊಳಗೆ ಬಂತು. ನಿವಾಸಿಗಳು ಸೂಚನೆಯನ್ನು ಮೀರಿ ಭವನದಲ್ಲಿ ವಾಣಿಜ್ಯ ಒಲೆಗಳನ್ನು ಬಳಸಿದ್ದಾರೆ, ತಾವೇ ಕಿಟಕಿಗಳನ್ನು ಮುಚ್ಚಿಕೊಂಡಿದ್ದಾರೆ, ಮೃತರ ಕುಟುಂಬಕ್ಕೆ ಸಂತಾಪ.

ಚಂದಮ್ಮನ ಸಾವಿನ ಸರಕಾರಿ ವಿಚಾರಣೆ ನಡೆದದ್ದು ಮೇರುನಗರದ ಶಾಲೆಯ ಒಂದು ಕೋಣೆಯಲ್ಲಿ. ಮದುವೆ ಮುಂದಕ್ಕೆ ಹೋಗಿತ್ತು. ಹೊರಗಿನ ಬೆಂಚಿನ ಒಂದು ತುದಿಗೆ ಶರಣಮ್ಮ, ಇನ್ನೊಂದು ತುದಿಗೆ ಅಂಬಿಕಾ. ನಡುವೆ ಮೂರು ಜನ ಕೂಡುವಷ್ಟು ಜಾಗ ಖಾಲಿ.

ಶರಣಮ್ಮ ಎದುರಿನ ಗೋಡೆ ನೋಡುತ್ತಲೇ ಕೇಳಿದಳು. "ನಾ ಫೋನ್ ಎತ್ತಿದ್ರ ಚಂದಮ್ಮ ಉಳೀತಿದ್ಲೇನು?"

ಅಂಬಿಕಾ ಈ ಪ್ರಶ್ನೆಗೆ ಕಾಯುತ್ತಿದ್ದಳು. ಇಲ್ಲ ಎಂದು ಹೇಳಬೇಕೆಂದು ಬಂದಿದ್ದಳು.

"ಉಳೀತಿದ್ಲೋ ಏನೋ. ಆದ್ರ ನಾ ಫೋನ್ ಮಾಡಬಾರ್ದಿತ್ತು. ಸ್ವಿಚ್ ನನ್ನ ಕೈಯಾಗೇ ಇತ್ತು. ಮೊದ್ಲು ಅದನ್ನ ಒತ್ತಬೇಕಿತ್ತು."

"ಮತ್ತ ಯಾಕ ಒತ್ತಲಿಲ್ಲ?"

"ಕಂಪನಿ ಗುರೀನೂ ಉಳೀಲಿ, ನೀವೂ ಉಳೀರಿ ಅಂದ್ಕೊಂಡೆ."

ಅಂಬಿಕಾ ಕಣ್ಣೊರೆಸಿಕೊಂಡಳು.

"ನನ್ನ ಮುಂದ ಅಳಬ್ಯಾಡ," ಎಂದಳು ಶರಣಮ್ಮ. "ನಾ ನಿನಗ ಸಮಾಧಾನ ಹೇಳಲಾಕ ಬಂದಿಲ್ಲ. ಏನ ಹೇಳ್ತಿ, ಒಳಗ ಹೇಳು."

ಒಳಗೆ ಅಂಬಿಕಾ ಹೇಳಿದಳು. ಕಿಂಡಿಗಳು ಹೇಗೆ ಮುಚ್ಚಲು ಕಲಿತವು, ಅದು ಯಾರಿಗೆ ಗೊತ್ತಿತ್ತು, ಗಂಟೆಯ ಸರಾಸರಿಯನ್ನು ಯಾಕೆ ಆರಿಸಿಕೊಂಡರು, ಸ್ವಿಚ್ ಮುಟ್ಟಿದರೆ ಏನಾಗುತ್ತದೆಂದು ಮಿರಜಕರ ಹೇಳಿದ ಮಾತು, ತಾನು ಮಾಡಿದ ಮೂರು ಕರೆಗಳು, ಅದರಿಂದಾದ ವಿಳಂಬ. ವಿಚಾರಣಾಧಿಕಾರಿ ಎಲ್ಲವನ್ನೂ ಕೇಳಿ, ಟೈಪಿಸ್ಟಿನ ಕಡೆ ತಿರುಗಿ ಬರೆಸಿದ: "ಕರ್ತವ್ಯದಲ್ಲಿದ್ದ ತಾಂತ್ರಿಕ ಅಧಿಕಾರಿಯು ಗಾಳಿಕಿಂಡಿಗಳನ್ನು ತೆರೆಯುವಲ್ಲಿ ವಿಳಂಬ ಮಾಡಿರುವುದನ್ನು ಸ್ವತಃ ಒಪ್ಪಿಕೊಂಡಿರುತ್ತಾರೆ."

ಅಷ್ಟೇ. ಉಳಿದದ್ದು ಯಾವುದೂ ಬರಲಿಲ್ಲ. ಕಿಟಕಿಯ ಬಳಿ ಕುಳಿತಿದ್ದ ಮಿರಜಕರ ಕಾಲ ಮೇಲೆ ಕಾಲು ಹಾಕಿಕೊಂಡ. ಅವನಿಗೆ ಬೇಕಾಗಿದ್ದುದು ಒಂದು ಹೆಸರು. ಅದು ಸಿಕ್ಕಿತ್ತು.

"ಮುಂದಿನವರು," ಎಂದ ಅಧಿಕಾರಿ. "ಶರಣಮ್ಮ, ಹಿರೇಮಟ್ಟಿ. ನೀವು ಕಿಟಕಿ ಮುಚ್ಚಿದ್ದು ಹೌದಲ್ಲ? ಕರೆ ಬಂದಾಗ ಎತ್ತಲಿಲ್ಲ, ಹೌದಲ್ಲ? ಇಲ್ಲಿ ಸಹಿ ಮಾಡಿ."

ಶರಣಮ್ಮ ಪೆನ್ನು ಮುಟ್ಟಲಿಲ್ಲ.

"ಕಿಟಕಿ ನಾವೇ ಹಾಕಿದ್ವಿ, ಖರೆ. ಫೋನ್ ನಾನೇ ಕಟ್ ಮಾಡಿಸಿದೆ, ಅದೂ ಖರೆ. ಈಕಿ ತಗ್ಯಾಕ ತಡ ಮಾಡಿದ್ಲು, ಅದೂ ಖರೆ. ಈಕಿ ನನಗ ಬೇಕಾದಾಕಿ ಅಲ್ಲ. ಈಕಿನ್ನ ಬಿಡ್ರಿ ಅಂತ ನಾ ಕೇಳಾಂಗಿಲ್ಲ." ಅವಳು ಮೇಜಿನ ಮೇಲೆ ಎರಡೂ ಕೈಯೂರಿದಳು. "ಆದ್ರ ಸಾಹೇಬ್ರ, ತಗದಾಕಿ ಹೆಸರು ಬರದ್ರಿ. ಮುಚ್ಚಿದವ್ರ ಹೆಸರು ಎಲ್ಲಿ ಬರದ್ರಿ?"

"ಅದು ಕಂಪ್ಯೂಟರ್ ಮುಚ್ಚಿದ್ದಮ್ಮಾ."

"ಕಂಪ್ಯೂಟರ್‌ಗಿ ಗುರಿ ಕೊಟ್ಟವ್ರು ಇರ್ತಾರಲ್ಲ. ಮೊದ್ಲು ಅದನ್ನ ಬರಸ್ರಿ. ಆಮ್ಯಾಲ ನಾ ಸಹಿ ಹಾಕ್ತೀನಿ. ಅಲ್ಲೀ ತನಕ ಇಲ್ಲೇ ನಿಂದ್ರತೀನಿ."

ಬಾಗಿಲ ಹೊರಗೆ ಕಾಯುತ್ತಿದ್ದ ಹದಿನೆಂಟು ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಬಂದು ಅವಳ ಹಿಂದೆ ನಿಂತರು. ಟೈಪಿಸ್ಟ್ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಮಿರಜಕರನ ಮುಖ ನೋಡಿದ. ಮಿರಜಕರ ಕಾಲು ಕೆಳಗಿಳಿಸಿದ.